ಎಳೆದು ನೋಡುವ ಉಪಾಧ್ಯರು

ವಡೋದರದ ಲ್ಯಾಬಿನಲ್ಲಿ ಆಪರೇಷನ್ನಿನ ಹೊಲಿಗೆ ದಾರವನ್ನು ತುಂಡಾಗುವ ತನಕ ಎಳೆದು ಅದರ ಬಲ ಅಳೆಯುವುದು ರತ್ನಾಕರ ಉಪಾಧ್ಯರ ಕೆಲಸ. ಮನೆಗೆ ಬಂದರೂ ಕೈ ಸುಮ್ಮನಿರುವುದಿಲ್ಲ. ಅಂಗಿಯ ಗುಂಡಿ, ತಟ್ಟೆಯ ಚಪಾತಿ, ಹೆಂಡತಿ ಇಂದುಮತಿ ಮುಡಿಯಬೇಕಾದ ಮಲ್ಲಿಗೆ ದಂಡೆ, ಯಾವುದನ್ನೂ ಎಳೆಯದೆ ಬಿಟ್ಟವರಲ್ಲ. "ತುಂಡಾದರೆ ಅಲ್ವಾ, ಗಟ್ಟಿ ಎಷ್ಟು ಅಂತ ಗೊತ್ತಾಗುವುದು!" ಎಂದು ಆಕೆಗೇ ಪಾಠ ಬೇರೆ. ಊರೆಲ್ಲ ಗಾಳಿಪಟ ಹಾರಿಸುವ ಉತ್ತರಾಯಣ ಹಬ್ಬ ಹತ್ತಿರ ಬಂತೆಂದರೆ ಪಕ್ಕದ ಮನೆಯ ಪಟೇಲರು ಪಟದ ದಾರವನ್ನು ಅಡಗಿಸಿಡುತ್ತಾರೆ. ಕಳೆದ ತಿಂಗಳು ಇಂದುಮತಿಗೆ ಹೃದಯದ ಆಪರೇಷನ್ ಆಯಿತು. ಹೊಲಿದದ್ದು ಉಪಾಧ್ಯರೇ ಪಾಸು ಮಾಡಿದ ಬ್ಯಾಚಿನ ದಾರದಲ್ಲಿ. "ನೀವು ಎಳೆದು ನೋಡಿದ್ದಲ್ವಾ, ಇನ್ನೆಂಥ ಹೆದರಿಕೆ?" ಎಂದು ಆಕೆ ನಗುತ್ತಾಳೆ. ಉಪಾಧ್ಯರು ಎರಡೂ ಕೈಯಲ್ಲಿ ತಮ್ಮ ಎದೆಯನ್ನೇ ಒತ್ತಿ ಹಿಡಿದುಕೊಂಡು, "ಮೆಲ್ಲ ನಗು ಮಾರಾಯ್ತಿ, ಮೆಲ್ಲ" ಎನ್ನುತ್ತಾರೆ.