ವಾಂತಿಯಲ್ಲಿ ಹುಡುಕಿದ ಮದ್ದು

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹಿತ್ತಲಲ್ಲಿ ನನ್ನ ಗಂಡ ವಾಂತಿ ಮಾಡುತ್ತಿದ್ದರೆ ನಮ್ಮತ್ತೆ ಅದರೊಳಗೆ ಕಡ್ಡಿಯಾಡಿಸಿ ಹುಡುಕುತ್ತಿದ್ದರು. ಇವತ್ತಿಗೂ ನೆನೆಸಿಕೊಂಡರೆ ನನಗೆ ಅನ್ನ ಸೇರುವುದಿಲ್ಲ. ವಾಂತಿಯನ್ನಾದರೂ ಸಹಿಸಿದೆ, ಆ ಕಡ್ಡಿಯನ್ನು ಸಹಿಸಲಾರೆ.

ಮದುವೆಯಾಗಿ ಶಿವಮೊಗ್ಗದಿಂದ ಬಂದು ವರ್ಷ ತುಂಬಿರಲಿಲ್ಲ. ನನ್ನ ಗಂಡನಿಗೆ ಹೊಟ್ಟೆನೋವು, ರಕ್ತ ಬೀಳುವ ಭೇದಿ. ಹೆಂಡತಿ ಗಂಡನನ್ನು ಕೈವಶ ಮಾಡಿಕೊಳ್ಳಲು ಊಟದಲ್ಲಿ ಮದ್ದು ಹಾಕುತ್ತಾಳೆ, ಅದು ಕರುಳಿಗೆ ಅಂಟಿಕೊಂಡು ಕೊರೆಯುತ್ತದೆ ಎಂದು ಆಗ ನಂಬಿದ್ದವರೇ ಹೆಚ್ಚು. ಮದ್ದು ಕಕ್ಕಿಸುವ ಮುದುಕನೊಬ್ಬ ಬಂದು ಯಾವುದೋ ಸೊಪ್ಪಿನ ರಸ ಕುಡಿಸಿದ. ಕಡ್ಡಿಯ ತುದಿಗೆ ಕಪ್ಪನೆಯದೇನೋ ಸಿಕ್ಕಿತು. ಬೆಳಿಗ್ಗೆ ತಿಂದ ಬದನೆಕಾಯಿಯ ತೊಟ್ಟಿರಬೇಕು. ಅತ್ತೆ ಅದನ್ನು ಬಾಳೆಲೆಯ ಚೂರಿನ ಮೇಲಿಟ್ಟು ಪಕ್ಕದ ಮನೆಯಾಕೆಗೆ ತೋರಿಸಿದರು.

"ನೋಡೇ ಮಾರಾಯ್ತಿ, ನಮ್ಮನೆ ಸೊಸೆ ಬಡಿಸಿದ್ದು!"

ಅಂದಿನಿಂದ ನಾನು ಅಡುಗೆ ಮುಟ್ಟುವಂತಿರಲಿಲ್ಲ. ಮಗಳು ಹುಟ್ಟಿದ ಮೇಲೂ ಅವಳಿಗೆ ತುತ್ತು ಹಾಕುತ್ತಿದ್ದುದು ಅಜ್ಜಿಯೇ. ಅಮ್ಮನ ಕೈಯಿಂದ ಏನೂ ತಿನ್ನಬೇಡ ಎಂದು ಮಗುವಿನ ಕಿವಿಯೂದಿದ್ದರು. ನನ್ನ ಗಂಡನೂ ತಾಯಿ ಬಡಿಸಿದರಷ್ಟೇ ಉಣ್ಣುತ್ತಿದ್ದರು. ಹೊತ್ತು ಹೊತ್ತಿಗೂ ಕಕ್ಕಸಿಗೆ ಓಡುವ ಆ ಮನುಷ್ಯನ ಕಲೆಯಾದ ಪಂಚೆ ಒಗೆಯುವುದು ಮಾತ್ರ ನನ್ನ ಪಾಲಿಗೆ. ಅದಕ್ಕೆ ಈ ಕೈ ಆಗುತ್ತಿತ್ತು.

ಸ್ಕೂಲಿಗೆ ಸೇರಿದ ಮೇಲೆ ಮಗಳಿಗೂ ಅದೇ ಭೇದಿ, ಅದೇ ರಕ್ತ. ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದೊಯ್ದೆ. ಅತ್ತೆಯೂ ಜೊತೆಗೆ ಬಂದರು.

"ಕರುಳಲ್ಲಿ ಹುಣ್ಣಾಗಿದೆ. ಇದು ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಇಳಿದು ಬರುತ್ತೆ. ನಿಮ್ಮನೇಲಿ ಯಾರಿಗಾದ್ರೂ ಇತ್ತಾ?" ಎಂದು ಡಾಕ್ಟರು ಕೇಳಿದರು.

"ಇಲ್ಲಪ್ಪ, ಯಾರಿಗೂ ಇಲ್ಲ," ಎಂದರು ಅತ್ತೆ.

"ಇವಳಪ್ಪಂಗಿದೆ," ಎಂದೆ ನಾನು.

ಡಾಕ್ಟರು ಅತ್ತೆಯ ಕಡೆ ತಿರುಗಿ, "ಅದಕ್ಕೂ ಹಿಂದೆ?" ಎಂದರು.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಮ್ಮ ಯಜಮಾನ್ರಿಗಿತ್ತು. ಅವರಕ್ಕ ಇದ್ರಲ್ಲೇ ಹೋದ್ರು. ಹೊರಗೆ ಗೊತ್ತಾಗಿದ್ರೆ ನನ್ನ ಮಗಂಗೆ ಹೆಣ್ಣು ಯಾರು ಕೊಡ್ತಿದ್ರು?"

ಛೀ ಎನಿಸಿತು. ಎಲ್ಲ ಗೊತ್ತಿದ್ದೂ ಆ ಹೆಂಗಸು ಅವತ್ತು ಕಡ್ಡಿ ಹಿಡಿದಿದ್ದರು. ಅವರ ಪಕ್ಕ ಕೂರುವುದಕ್ಕೂ ಮನಸ್ಸು ಹೇಸಿತು.

ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ ಕಟ್ಟಿದ್ದ ಬುತ್ತಿ ಬಿಚ್ಚಿದೆ. ಮೊಸರನ್ನ ಕಲಸಿ ಮಗಳ ಬಾಯಿಗೆ ತುತ್ತು ಹಿಡಿದೆ. ಅವಳು ಬಾಯಿ ಬಿಗಿದುಕೊಂಡು ಅತ್ತೆಯ ಮುಖ ನೋಡಿದಳು.

"ಅಜ್ಜೀ, ಅಮ್ಮ ಇದ್ರಲ್ಲಿ ಮದ್ದು ಹಾಕಿಲ್ಲ ತಾನೇ?"