ಬದುಕಿದ್ದವರ ಪಟಕ್ಕೆ ಹಾಕಿದ ಹೂವು

ನಾನು ದೆವ್ವ ನಂಬುವವಳಲ್ಲ. ಹೆರಿಗೆ ಕೋಣೆಯಲ್ಲಿ ಕೆಲಸ ಮಾಡುವವಳಿಗೆ ದೆವ್ವಕ್ಕೆ ಹೆದರಿಕೊಂಡು ಕೂರಲು ಪುರುಸೊತ್ತಾದರೂ ಎಲ್ಲಿ? ಆದರೂ ತೊಂಬತ್ತರ ದಶಕದ ನಡುವಿನಿಂದ ಒಬ್ಬರು ಬಹಳ ಕಾಲ ನನ್ನ ಬೆನ್ನ ಹಿಂದೆ ನಿಂತೇ ಇದ್ದರು. ಅವರು ಸತ್ತಿರಲಿಲ್ಲ. ಅದೇ ನನಗೆ ಹಿಂಸೆಯಾಗಿದ್ದು.

ಕೆ.ಆರ್. ಪೇಟೆಯಿಂದ ಅಕ್ಕಿಹೆಬ್ಬಾಳಿಗೆ ಹೋಗುವ ಕಡೆ ಕ್ರೈಸ್ತ ಸನ್ಯಾಸಿನಿಯರ ಒಂದು ಪುಟ್ಟ ಆಸ್ಪತ್ರೆ ಇತ್ತು. ಬೂಕನಕೆರೆ ಕಡೆಯ ಒಕ್ಕಲು ಮನೆಯ ನಾನು ಅಲ್ಲಿ ನರ್ಸು. ಆಸ್ಪತ್ರೆ ನಡೆಸುತ್ತಿದ್ದ ಹಿರಿಯ ಸಿಸ್ಟರು ಮಂಗಳೂರಿನವರು. ಸುತ್ತಲ ಹಳ್ಳಿಗಳಿಗೆ ಅವರು ಸಿಸ್ಟ್ರಮ್ಮ. ಡಾಕ್ಟರು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿದ್ದರು. ಜನ ಬರುತ್ತಿದ್ದದ್ದು ಮಾತ್ರ ಸಿಸ್ಟ್ರಮ್ಮನ ಕೈಗುಣಕ್ಕೆ. ಅದೇ ಜ್ವರದ ಮಾತ್ರೆ ನಾನು ಕೊಟ್ಟರೆ, "ನೀ ಕೊಟ್ರೆ ಇಳಿಯಾಕಿಲ್ಲ ಕಣವ್ವ, ಸಿಸ್ಟ್ರಮ್ಮನ ಕೈಲಿ ಮುಟ್ಟಿಸಿ ಕೊಡು" ಅಂತ ಮುಖಕ್ಕೇ ಹೇಳುತ್ತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮಾತ್ರೆ ಕೊಟ್ಟು ಒಳಗೆ ಹೋಗಿ ಟ್ರೇ ಕುಕ್ಕುತ್ತಿದ್ದೆ. ಸಿಸ್ಟ್ರಮ್ಮ ನಗುತ್ತಿದ್ದರು. "ಎಂತ ಮಾರಾಯ್ತಿ, ಆ ಟ್ರೇ ನಿನಗೆ ಎಂತ ಮಾಡಿತು?"

ಒಂದು ದಿನ ಮೈಸೂರಿನಿಂದ ಅವರ ಕಾನ್ವೆಂಟಿನ ಹಿರಿಯರು ಬಂದು ವಿಷಯ ತಿಳಿಸಿದರು. ಸನ್ಯಾಸಕ್ಕೆ ಬರುವ ಹುಡುಗಿಯರು ಕಡಿಮೆಯಾಗಿದ್ದಾರೆ, ಇಲ್ಲಿಗೆ ಇನ್ನು ಸಿಸ್ಟರುಗಳನ್ನು ಕಳಿಸಲು ಆಗುವುದಿಲ್ಲ, ಆಸ್ಪತ್ರೆಯನ್ನು ಹೊರಗಿನವರೇ ನಡೆಸಬೇಕು. ಒಂದು ವರ್ಷ ನೋಡುತ್ತಾರೆ. ಜನ ಬರುವುದು ನಿಂತರೆ ಬೀಗ. ಯಾರು ನಡೆಸುವುದು ಅಂತ ಕೇಳಿದಾಗ ಸಿಸ್ಟ್ರಮ್ಮ ನನ್ನ ಕಡೆ ಬೆರಳು ತೋರಿಸಿಬಿಟ್ಟರು.

ಅಲ್ಲಿಂದ ಶುರುವಾಯಿತು ನನ್ನ ತರಬೇತಿ. ಶ್ರೀರಂಗಪಟ್ಟಣದಲ್ಲಿ ಹೊಳೆಯ ಹತ್ತಿರ ಚರ್ಚಿನವರದೊಂದು ಮನೆ. ನಾಗಮಂಗಲ, ಪಾಂಡವಪುರ ಕಡೆಯಿಂದ ನನ್ನಂಥವರೇ ಕೆಲವರು ಬರುತ್ತಿದ್ದರು: ನರ್ಸುಗಳು, ಮಹಿಳಾ ಸಂಘ ನಡೆಸುವವರು, ಅಂಗವಿಕಲ ಮಕ್ಕಳನ್ನು ನೋಡಿಕೊಳ್ಳುವವರು. ಅರ್ಧಕ್ಕರ್ಧ ಜನ ಕ್ರೈಸ್ತರೇ ಅಲ್ಲ. ಪಾಠ ಮಾಡುವ ಫಾದರು ಮೊದಲ ದಿನವೇ ಹೇಳಿದರು, "ನಿಮ್ಮ ದೇವರನ್ನು ಬಿಡಿ ಅಂತ ಯಾರೂ ಕೇಳುವುದಿಲ್ಲ. ಸಾಲಿನಲ್ಲಿ ಕೊನೆಗೆ ನಿಂತವರನ್ನು ನೋಡದೆ ಬಾಗಿಲು ಹಾಕಬೇಡಿ, ಅಷ್ಟೆ." ಮುಂದಾಳು ಹೇಗಿರಬೇಕು, ಸಾಯುವವರ ಹತ್ತಿರ ಹೇಗೆ ಕೂರಬೇಕು, ಎಲ್ಲ ಹೇಳಿಕೊಟ್ಟರು. ನಾನು ಎದ್ದು ನಿಂತು, "ಫಾದರ್, ಕೈಗುಣ ಯಾವ ಪಾಠದಲ್ಲಿ ಬರುತ್ತೆ?" ಅಂದೆ. ಎಲ್ಲರೂ ನಕ್ಕರು. ಫಾದರ್ ಮಾತ್ರ ನಗದೆ ಪಾಠದ ಮುಂದಿನ ಹಾಳೆ ತಿರುವಿದರು.

ತರಬೇತಿ ಮುಗಿಸಿ ಬಂದಾಗ ಸಿಸ್ಟ್ರಮ್ಮನ ಕೋಣೆ ಖಾಲಿ. ಒಂದು ಟ್ರಂಕು ಹಿಡಿದುಕೊಂಡು ಮೈಸೂರಿನ ಬಸ್ಸು ಹತ್ತಿದ್ದರು. ವರ್ಗವಾದರೆ ಬೀಳ್ಕೊಡುಗೆ, ಭಾಷಣ ಏನೂ ಬೇಡ ಅನ್ನುವುದು ಅವರ ಪದ್ಧತಿಯಂತೆ. ನಮ್ಮ ಕಡೆ ಹಿತ್ತಲಿಗೆ ಹೋಗುವವರೂ "ಹೋಗ್ಬತ್ತೀನಿ" ಅನ್ನುತ್ತಾರೆ. ಅನ್ನದೆ ಹೋಗುವವರು ಹೆಣವಾದವರು ಮಾತ್ರ.

ಜನ ಬಂದು, ಇಣುಕಿ, ವಾಪಸ್ ಹೋಗತೊಡಗಿದರು. ಹಾಸಿಗೆಗಳು ಖಾಲಿ ಬಿದ್ದವು. ಸಿಸ್ಟ್ರಮ್ಮನ ಮುಖವಾದರೂ ಇರಲಿ ಅಂತ ಅವರ ಫೋಟೋವನ್ನು ದೊಡ್ಡದು ಮಾಡಿಸಿ, ಜನ ಕಾಯುವ ಹಜಾರದಲ್ಲಿ ಮಾತೆ ಮರಿಯಮ್ಮನ ಪಟದ ಪಕ್ಕ ತೂಗುಹಾಕಿಸಿದೆ. ನಮ್ಮ ಆಯಾ ಕ್ರೈಸ್ತರವಳು, ದಿನಾ ಮಾತೆಯ ಪಟಕ್ಕೆ ಹೂವು ಹಾಕುವವಳು. ಸಂತೆಯ ದಿನ ಹೂವು ಜಾಸ್ತಿ ಸಿಕ್ಕಿತು ಅಂತ ಉಳಿದದ್ದನ್ನು ಪಕ್ಕದ ಪಟಕ್ಕೆ ಹಾಕಿದಳು. ನಾನು ನೋಡಿ, "ಅಯ್ಯೋ ನಿನ್ನ ಕೈ ಸೇದೋಗ! ಬದುಕಿರೋರ ಪಟಕ್ಕೆ ಯಾರಾದ್ರೂ ಹಾರ ಹಾಕ್ತಾರೇನೇ?" ಅಂತ ಕಿರುಚಿ ಕಿತ್ತು ಎಸೆದೆ. "ಮಾತೆ ಪಕ್ಕ ಬೋಳಾಗಿ ಕಾಣ್ತಿದ್ರು ಅಂತ ಆಕ್ದೆ ಕಣಕ್ಕಾ" ಅಂತ ಅವಳು ಅತ್ತಳು. ಅಷ್ಟರಲ್ಲಿ ಸಂತೆಗೆ ಹೋಗುವವರೆಲ್ಲ ನೋಡಿಯಾಗಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಸಂಜೆಯ ಹೊತ್ತಿಗೆ ಹೆಂಗಸರು ಎದೆ ಬಡಿದುಕೊಂಡು ಬಂದರು. "ಬದುಕಿದ್ದಾರೆ, ಮೈಸೂರಲ್ಲಿದ್ದಾರೆ" ಅಂತ ಗಂಟಲು ಹರಿಯುವ ಹಾಗೆ ಹೇಳಿದೆ. ಒಬ್ಬಳು ಮುದುಕಿ ನನ್ನ ತಲೆ ಸವರಿ, "ಪಾಪ, ಇದ್ಕೆ ತಡ್ಕೊಳ್ಳಕ್ಕಾಯ್ತಾ ಇಲ್ಲ" ಅಂದಳು. ಸಿಸ್ಟ್ರಮ್ಮ ಹೋದಲ್ಲಿ ಫೋನಿಗೂ ಬರುತ್ತಿರಲಿಲ್ಲ. ನಾನು ಏನು ತೋರಿಸಿ ನಂಬಿಸಲಿ?

ಆಮೇಲೆ ಆದದ್ದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಜನ ತಿರುಗಿ ಬರತೊಡಗಿದರು. ಬದುಕಿದ್ದ ಸಿಸ್ಟ್ರಮ್ಮ ಬಿಟ್ಟುಹೋದರು ಅಂತ ಮುನಿದಿದ್ದವರು ಸತ್ತ ಸಿಸ್ಟ್ರಮ್ಮ ಇಲ್ಲೇ ಇದ್ದಾರೆ ಅಂತ ಬಂದರು. ಅದೇ ಮುದುಕಿ ತನ್ನ ಸೊಸೆಯನ್ನು ಟ್ರಾಕ್ಟರಿನಲ್ಲಿ ಕರೆತಂದಳು. ಮುಂಚೆ ಎರಡು ಕೂಸು ಕಳೆದುಕೊಂಡ ಹುಡುಗಿ, ಹೆದರಿ ಬಿಳಚಿಕೊಂಡಿದ್ದಳು. "ಮೈಸೂರಿಗೆ ಕರ್ಕೊಂಡು ಹೋಗಿ" ಅಂದೆ. "ಕಟ್ಟಿದ ಮನೆ ಬುಟ್ಟು ಸಿಸ್ಟ್ರಮ್ಮ ಎಲ್ಗೋಯ್ತಾಳೆ? ಇಲ್ಲೇ ಅವ್ಳೆ. ಇಲ್ಲೇ ಆಗ್ಲಿ" ಅಂದಳು ಮುದುಕಿ. ಮಾತಾಡುವಷ್ಟರಲ್ಲೇ ನೋವು ಜೋರಾಯಿತು.

ಮಟಮಟ ಮಧ್ಯಾಹ್ನ. ತಲೆ ಬಂತು, ಭುಜ ಸಿಕ್ಕಿಕೊಂಡಿತು. ಕೂಸಿನ ಮುಖ ನೀಲಿಯಾಗುತ್ತಿತ್ತು. ಮುದುಕಿ ಬಾಗಿಲಲ್ಲಿ ನಿಂತು, ನನ್ನನ್ನಲ್ಲ, ನನ್ನ ಹಿಂದಿನ ಗೋಡೆಯನ್ನು ನೋಡಿ ಕೈಮುಗಿದಳು. "ಸಿಸ್ಟ್ರಮ್ಮಾ, ನಿಂತ್ಕೊಂಡು ನೋಡ್ಬ್ಯಾಡ ಕಣವ್ವ, ಕೈ ಆಕು!" ನನ್ನ ಕತ್ತಿನ ಕೂದಲು ನೆಟ್ಟಗಾಯಿತು. ಹಿಂದೆ ಯಾರೋ ಉಸಿರಾಡುತ್ತಿದ್ದರು, ಆಣೆ ಮಾಡಿ ಹೇಳುತ್ತೇನೆ. "ಗಡಿಬಿಡಿ ಮಾಡ್ಬೇಡ ಮಾರಾಯ್ತಿ" ಅನ್ನುವುದೂ ಕೇಳಿತು. ಹುಡುಗಿಯ ಮೊಣಕಾಲು ಹೊಟ್ಟೆಗೆ ಒತ್ತಿಸಿ, ಕೈ ಒಳಗೆ ಹಾಕಿ, ಭುಜ ತಿರುಗಿಸಿದೆ. ಕೂಸು ಜಾರಿ ಬಂತು. ಬೆನ್ನು ಉಜ್ಜಿದೆ, ಅತ್ತಿತು.

ಮುದುಕಿ ಗೋಡೆಗೆ ಅಡ್ಡಬಿದ್ದಳು. ಬೆವರು ನನ್ನದು, ಕೈಗುಣ ಅವರದು! ಹೊಟ್ಟೆ ಉರಿದುಹೋಯಿತು. ಆದರೆ ತಿರುಗಿ ನೋಡುವ ಧೈರ್ಯ ನನಗೂ ಬರಲಿಲ್ಲ.

ಪಿತೃಪಕ್ಷ ಬಂತು. ಮುದುಕಿ ನನ್ನನ್ನು ಊಟಕ್ಕೆ ಕರೆದಳು. ಹಿರಿಯರಿಗೆ ಎಡೆ ಇಟ್ಟಿದ್ದರು. ತೀರಿಕೊಂಡ ಯಜಮಾನನ ಎಡೆಯ ಮುಂದೆ ಪಂಚೆ, ಬೀಡಿಕಟ್ಟು. ಪಕ್ಕದಲ್ಲಿ ಇನ್ನೊಂದು ಎಲೆ. ಅದರ ಮುಂದೆ ಬಿಳಿ ಸೀರೆ, ಲೋಟದ ತುಂಬ ಹಾಲಿಲ್ಲದ ಕಾಫಿ. ಸಿಸ್ಟ್ರಮ್ಮ ಕುಡಿಯುತ್ತಿದ್ದದ್ದು ಅದನ್ನೇ.

ಮಾರನೆಯ ದಿನವೇ ಮೈಸೂರಿಗೆ ಹೋದೆ, ವಯಸ್ಸಾದ ಸಿಸ್ಟರುಗಳು ಇರುವ ಮನೆಗೆ. ಜಗುಲಿಯಲ್ಲಿ ಕೂತಿದ್ದರು. ಬದುಕಿರುವ ಮುಖ ನೋಡಿ ಅಳು, ಸಿಟ್ಟು ಒಟ್ಟಿಗೇ ಬಂತು. "ನಿಮಗೆ ಎಡೆ ಇಡ್ತಾ ಇದ್ದಾರೆ! ಬಂದು ಒಂದು ಸಲ ಮುಖ ತೋರಿಸಿ!" ಅಂದೆ.

"ಹೌದಾ? ಎಂತೆಲ್ಲ ಇಟ್ಟಿದ್ದರು?" ಅಂತ ನಕ್ಕರು. ಆಮೇಲೆ ಮಡಿಲಲ್ಲಿ ಸೆರಗಿನ ಕೆಳಗೆ ಬಚ್ಚಿಟ್ಟಿದ್ದ ಕೈ ಎತ್ತಿ ತೋರಿಸಿದರು. ಎರಡೂ ಕೈ ನಡುಗುತ್ತಿದ್ದವು, ನಿಲ್ಲದೆ. "ಅಲ್ಲಿದ್ದಾಗಲೇ ಶುರುವಾಗಿತ್ತು. ನಾನು ಬಂದರೆ ಮತ್ತೆ ಈ ಕೈಯನ್ನೇ ಕೇಳ್ತಾರೆ. ಕೊಡ್ಲಿಕ್ಕೆ ಆಗ್ತದಾ? ಸತ್ತವಳ ಕೈ ನಡುಗುದಿಲ್ಲ ಮಾರಾಯ್ತಿ. ಹಾಗೇ ಇರಲಿ ಬಿಡು."

"ನನಗೆ ಭಯ ಆಗುತ್ತೆ. ನೀವು ಹಿಂದೆ ನಿಂತ ಹಾಗೆ ಆಗುತ್ತೆ."

"ನಿಲ್ತೇನೆ," ಅಂದರು. "ನಿನಗೆ ಬೇಕಾದಷ್ಟು ದಿನ."

ಬೀಗ ಬೀಳಲಿಲ್ಲ. ವರ್ಷ ಕಳೆದ ಮೇಲೆ ಆಸ್ಪತ್ರೆಯ ಉಸ್ತುವಾರಿ ನನಗೇ ಬಂತು. ಇನ್ನೂ ಕೆಲವು ವರ್ಷಗಳ ಮೇಲೊಂದು ದಿನ ಮೈಸೂರಿನಿಂದ ಫೋನು ಬಂತು, ಸಿಸ್ಟ್ರಮ್ಮ ಹೋಗಿಬಿಟ್ಟರು ಅಂತ. ಮಣ್ಣಿಗೆ ಹೋದೆ. ಸಿಸ್ಟರುಗಳು ಬಿಟ್ಟರೆ ಇದ್ದವಳು ನಾನೊಬ್ಬಳೇ. ಸಾವಿರ ಜನ ಸೇರಬೇಕಿದ್ದ ಸಾವು. ಯಾರನ್ನು ಕರೆಯಲಿ? ಅವರೆಲ್ಲ ಅತ್ತು ಮುಗಿಸಿ ಎಷ್ಟೋ ಕಾಲವಾಗಿತ್ತು.

ಬಸ್ಸಿಳಿದು ನೇರ ಹೆರಿಗೆ ಕೋಣೆಗೆ ಬಂದೆ. ಬಾಬುರಾಯನಕೊಪ್ಪಲಿನಿಂದ ತವರಿಗೆ ಬಂದಿದ್ದವಳೊಬ್ಬಳು ನೋವು ತಿನ್ನುತ್ತಿದ್ದಳು. ಕೈ ತೊಳೆದು ನಿಂತೆ. ಹಿಂದೆ ಉಸಿರಿಲ್ಲ, ಮಾತಿಲ್ಲ. ಬರೀ ಕೋಣೆ. ಅಷ್ಟು ವರ್ಷ ಆಗದಂಥ ಭಯ ಆಗ ಆಯಿತು.

"ಸಿಸ್ಟ್ರಮ್ಮಾ! ಎಲ್ಲಿದ್ದೀಯವ್ವಾ!" ಅಂತ ಹುಡುಗಿ ಚೀರಿದಳು.

"ಇಲ್ಲೇ ಇವ್ನಿ ಕಣವ್ವ," ಅಂದೆ. "ಉಸಿರು ಕಟ್ಟಿ ಮುಕ್ಕು."