ಮನೆಮರದ ಕಾಫಿಹಣ್ಣು

ಬಿಲಿಸೆ ಪೇಟೆಯಲ್ಲಿ ಓದಿದವಳು. ಮದುವೆಯಾಗಿ ಗುಜಿ ಬೆಟ್ಟದ ಈ ಕಾಫಿಯ ಊರಿಗೆ ಬಂದಾಗ ಕತ್ತೆಕಿರುಬದ ಕೂಗಿಗೆ ಹೆದರಿದಳು, ಆಮೇಲೆ ಹೆರಿಗೆಗೆ ಹೆದರಿದಳು. ಈಗ ಮಗು ಸೀನಿದರೂ ಅವಳ ಎದೆ ಹಾರುತ್ತದೆ. "ಪೇಟೆ ಕೋಳಿ," ಎಂದು ಅತ್ತೆ ಧಾಕಿ ನಗುತ್ತಾಳೆ.

ಅವತ್ತು ಮಗುವಿಗೆ ಹೆಸರಿಡುವ ದಿನ. ಕುರಿಯ ಬದಲು ಕಾಫಿಯನ್ನೇ ಬಲಿ ಕೊಡುವುದು ಇವರ ಪದ್ಧತಿ. ಒಣಗಿದ ಹಣ್ಣನ್ನು ಸಿಪ್ಪೆಸಮೇತ ಬೆಣ್ಣೆಯಲ್ಲಿ ಹುರಿಯಬೇಕು. ಬೆಣ್ಣೆ ಒಳಗಿಳಿಯಲೆಂದು ಹೆಂಗಸರು ಒಂದೊಂದರ ತುದಿಯನ್ನೂ ಹಲ್ಲಿನಿಂದ ಕಚ್ಚಬೇಕು. ಆ ಬೆಣ್ಣೆ ಮಗುವಿನ ನೆತ್ತಿಗೆ, ಒಂದು ತೊಟ್ಟು ನಾಲಿಗೆಗೆ.

ಅತ್ತೆ ಸೊಸೆ ಎದುರುಬದುರು ಕೂತು ಕಚ್ಚುತ್ತಿದ್ದರು. ಒಲೆಯ ಮೇಲೆ ಬೆಣ್ಣೆ ಕರಗುತ್ತಿತ್ತು.

"ಅತ್ತೆ, ನಾಲಿಗೆ ಯಾಕೋ ಚುರುಚುರು ಅಂತಿದೆ."

"ಮಾತಾಡಿ ಮಾತಾಡಿ ಸವೆದಿರ್ಬೇಕು. ಕಚ್ಚು ಕಚ್ಚು."

ಸೌದೆ ತಂದ ಮೈದುನ ಉದೆಸ್ಸ ಹಣ್ಣಿನ ಬಟ್ಟಲು ನೋಡಿ ಬಾಗಿಲಲ್ಲೇ ನಿಂತ. "ಇದು ಯಾವ ಮರದ್ದಮ್ಮಾ?"

"ಇದೇನು ಕೇಳ್ತೀಯೋ? ಮನೆಹಿಂದಿನ ಮರದ್ದೇ. ನಿಂಗೆ ಹೆಸರಿಟ್ಟಿದ್ದೂ ಅದರ ಹಣ್ಣಲ್ಲೇ."

ಸೌದೆ ಅವನ ಕೈಯಿಂದ ಜಾರಿತು. "ಹಣ್ಣಿಗೆ ಕಪ್ಪುರೋಗ ಬಂದಿತ್ತು. ಸಂತೇಲಿ ಔಷಧಿ ತಂದೆ. ಎಲ್ಲಾ ಮರಕ್ಕೂ ಸಾಲ್ಲಿಲ್ಲ. ಅದು ನಮ್ಮ ಮನೆಮರ, ಅದಾದ್ರೂ ಉಳೀಲಿ ಅಂತ... ಕೀಳೋ ಮುಂಚೆ ಹೊಡೆದೆ."

ಬಿಲಿಸೆ ಮಗುವನ್ನು ನೋಡಿದಳು. ಬೆಳಿಗ್ಗೆಯಿಂದ ಕಚ್ಚುತ್ತಲೇ ಎರಡು ಸಲ ಮಗುವಿಗೆ ಹಾಲು ಕೊಟ್ಟಿದ್ದಳು. ಬೆಣ್ಣೆ ಚಟಚಟ ಅಂದಿತು. ಒಲೆಗೇರಿದ ಬಲಿಬೆಣ್ಣೆಯನ್ನು ಇಳಿಸಿದರೆ ಮಗುವಿಗೆ ಕೇಡು ಎನ್ನುತ್ತಾರೆ. ಆ ಮಾತಿಗೂ ಅವಳಿಗೆ ಹೆದರಿಕೆಯೇ. ಆದರೂ ಬಟ್ಟೆ ಹಿಡಿದು ಪಾತ್ರೆ ಇಳಿಸಿಬಿಟ್ಟಳು.

"ಅಯ್ಯೋ, ಏನ್ ಮಾಡ್ದೆ ಹುಡುಗೀ!"

"ಈ ಹಣ್ಣು ಹಾಕಬೇಡಿ ಅತ್ತೆ. ನಿಮ್ಮ ಕಾಲು ಹಿಡ್ಕೋತೀನಿ."

ಧಾಕಿ ಬಟ್ಟಲನ್ನು ಮೂಗಿಗೆ ಹಿಡಿದಳು. ಕೆಮ್ಮಿದಳು, ಉಗಿದಳು. "ಪ್ರಪಂಚವೆಲ್ಲ ನಮ್ಮ ದೇಶಾನ ಕಾಫಿಯಿಂದ ಗುರ್ತು ಹಿಡಿಯತ್ತಂತೆ," ಎಂದು ಮಗನ ಕಡೆ ತಿರುಗಿದಳು. "ನಾನು ಆ ಕಾಫೀನ ಬಾಯಿಂದ ಗುರ್ತು ಹಿಡಿಯೋಳು ಕಣೋ! ಬಾಯಿಗೇ ವಿಷ ಹಾಕಿದ್ಯಲ್ಲ!"

ಹಣ್ಣನ್ನೆಲ್ಲ ಗುಂಡಿಗೆ ಸುರಿದು ಮಣ್ಣೆಳೆದು, ಖಾಲಿ ಬಟ್ಟಲು ಹಿಡಿದು ಪಕ್ಕದ ಮನೆಗೆ ನಡೆದಳು. ಬೇರೆಯವರ ಹಣ್ಣು ಕೇಳಲು ಇವರ ಮನೆಯಿಂದ ಅದುವರೆಗೆ ಯಾರೂ ಹೊರಬಿದ್ದವರಲ್ಲ.

ಬಿಲಿಸೆ ಬಾಯಿ ಉಜ್ಜಿ ಉಜ್ಜಿ ತೊಳೆದಳು. ಮಗು ಹಸಿದು ಚೀರಿತು. ಹಾಲು ಕೊಡಲು ಧೈರ್ಯವಿಲ್ಲ. ಎದೆ ತುಂಬಿ ಬಟ್ಟೆ ಒದ್ದೆಯಾಯಿತು. ಮಗುವಿನ ತುಟಿ ನೀಲಿಯಾಗಿದೆಯೇ, ಉಸಿರು ಸರಿಯಿದೆಯೇ ಎಂದು ನೋಡಿದ್ದನ್ನೇ ನೋಡಿದಳು.

ಪಕ್ಕದ ಮನೆಯ ಹೆಂಗಸರು ಬಂದು ತಮ್ಮ ಹಣ್ಣನ್ನು ತಾವೇ ಕಚ್ಚಿದರು. ಹೊಸ ಬೆಣ್ಣೆ ಒಲೆಗೇರಿತು. ಬೆಣ್ಣೆಯ ಬೆರಳು ಮಗುವಿನ ನೆತ್ತಿಯ ಬಳಿ ಬಂದಾಗ ಬಿಲಿಸೆ ಅತ್ತೆಯ ಕೈ ಹಿಡಿದು ತಡೆದಳು. ಹೆಂಗಸರು ಮುಖ ಮುಖ ನೋಡಿಕೊಂಡರು.

ಧಾಕಿ ಕೈ ಬಿಡಿಸಿಕೊಳ್ಳಲಿಲ್ಲ. ಬೆರಳನ್ನು ಸೊಸೆಯ ಮೂಗಿನ ಹತ್ತಿರ ತಂದಳು.

"ಮೂಸು. ಚೆನ್ನಾಗಿ ಮೂಸು. ಅವಸರ ಇಲ್ಲ."